ಗಿಟಾರ್ ಇಲ್ಲದ ರಾಕ್ ಬ್ಯಾಂಡ್‌ಗೆ ಗಿಟಾರ್ ಸೇರಿಸಬೇಕಾ? ಮೈಸೂರು-ಮಂಡ್ಯದವರು ಹೇಳಿ

ಬಾಸ್‌ಗಾರ_ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಬ್ಯಾಂಡ್. ಮೂವರು ಮಂಡ್ಯ ಕಡೆಯವರು, ಇಬ್ಬರು ಮೈಸೂರಿನವರು. ಹಾಡುಗಳೆಲ್ಲ ನಮ್ಮವೇ, ಕನ್ನಡದವೇ. ಬ್ಯಾಂಡ್ ಹೆಸರು ಇಲ್ಲಿ ಹಾಕುವುದಿಲ್ಲ, ಆಮೇಲೆ ಪ್ರಚಾರಕ್ಕೆ ಬಂದ ಅಂತೀರಿ.

ನಮ್ಮ ವಾದ್ಯಗಳು ಇಷ್ಟೇ: ಬಾಸ್ ಗಿಟಾರ್, ಡ್ರಮ್ಸ್, ತಮಟೆ, ಕ್ಲಾರಿಯೋನೆಟ್, ಲೆಗ್ ಹಾರ್ಮೋನಿಯಂ. ಹೌದು, ಪೌರಾಣಿಕ ನಾಟಕಗಳಲ್ಲಿ ಸ್ಟೇಜ್ ಪಕ್ಕ ಕೂತು ಕಾಲಲ್ಲಿ ತುಳಿಯುತ್ತಾ ನುಡಿಸುತ್ತಾರಲ್ಲ, ಅದೇ. ಅದನ್ನು ನುಡಿಸುವವಳೇ ಹಾಡುವುದೂ. ಲೀಡ್ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ.

ಇದು ಪ್ಲಾನ್ ಮಾಡಿ ಆದದ್ದಲ್ಲ. ನಮ್ಮ ಗಿಟಾರ್ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಅವನು ಬಿಟ್ಟು ಹೋದ ಡಿಸ್ಟಾರ್ಷನ್ ಪೆಡಲ್ (ಸದ್ದನ್ನು ಒರಟು ಮಾಡುವ ಡಬ್ಬಿ) ಒಂದು ಬಿದ್ದಿತ್ತು. ಸುಮ್ನೆ ತಮಾಷೆಗೆ ಹಾರ್ಮೋನಿಯಂಗೆ ಜೋಡಿಸಿದೆವು. ಷಡ್ಜ, ಪಂಚಮ ಎರಡೇ ಮನೆ ಒಟ್ಟಿಗೆ ಹಿಡಿದಳು ನೋಡಿ, ರೂಮಿನ ಕಿಟಕಿ ಗಾಜು ಗಡಗಡ ಅಂತು. ಗಾಂಧಾರ ಸೇರಿಸಿದರೆ ಮಾತ್ರ ಎಲ್ಲ ಕಲಸಿಹೋಗುತ್ತದೆ. ಗಿಟಾರ್‌ನವರು ಪವರ್ ಕಾರ್ಡ್ ಅಂತಾರಲ್ಲ, ಅದೇ ಲೆಕ್ಕ.

ಈಗ ತೊಂದರೆ ಏನೆಂದರೆ ಆಯೋಜಕರು. "ರಾಕ್ ಅಂತೀರಾ, ಗಿಟಾರೇ ಇಲ್ವಲ್ರೀ" ಎಂಬುದು ಮೊದಲ ಮಾತು. ಒಂದು ಕಾಲೇಜು ಫೆಸ್ಟ್‌ನಲ್ಲಿ ನಮ್ಮನ್ನು ಜಾನಪದ ಗೀತೆ ಸ್ಪರ್ಧೆಯ ಮಧ್ಯೆ ತುರುಕಿದರು. ಇನ್ನೊಂದು ಕಡೆ ಜಾನಪದದವರೇ "ಇದು ನಮ್ಮದಲ್ಲ, ಬರೀ ಗದ್ದಲ" ಎಂದು ಎದ್ದು ಹೋದರು. ಸೌಂಡ್‌ನವರು ಹಾರ್ಮೋನಿಯಂ ನೋಡಿದ ತಕ್ಷಣ ಭಜನೆ ಎಂದುಕೊಂಡು ಒಂದು ಮೈಕ್ ಮುಂದಿಟ್ಟು ಹೋಗಿಬಿಡುತ್ತಾರೆ.

ಮೈಸೂರಿನ ಒಬ್ಬ ಒಳ್ಳೆಯ ಗಿಟಾರಿಸ್ಟ್ ನಮ್ಮ ಜೊತೆ ಸೇರಲು ರೆಡಿ ಇದ್ದಾನೆ. ಬ್ಯಾಂಡ್‌ನಲ್ಲಿ ಇಬ್ಬರು ಬೇಕು ಅಂತಾರೆ, ಇಬ್ಬರು ಬೇಡ ಅಂತಾರೆ. ಮಧ್ಯದಲ್ಲಿ ನಾನು. ಏನು ಮಾಡಲಿ?

ಮದ್ದೂರ್ ವಡೆ

ಬಾಸ್ ಗಿಟಾರ್ ಗಿಟಾರ್ ಅಲ್ವಾ ಗುರು? ಹೆಡ್ಡಿಂಗ್ ಸರಿ ಮಾಡು ಮೊದಲು.

ಹೆವಿ ಮೆಟ್ಲು

ಸೇರಿಸಿಕೊಳ್ಳಿ. ಯೋಚನೆಯೇ ಬೇಡ. ಜನ ರಾಕ್ ಶೋಗೆ ಬರುವುದು ಯಾಕೆ? ಗಿಟಾರ್ ಸೋಲೋ ಬಂದಾಗ ತಲೆ ಅಲ್ಲಾಡಿಸೋಕೆ. ಹಾರ್ಮೋನಿಯಂ ಸೋಲೋಗೆ ಯಾರು ತಲೆ ಅಲ್ಲಾಡಿಸುತ್ತಾರೆ? ಅಲ್ಲಾಡಿಸಿದರೂ "ಭೇಷ್" ಅಂತ ಅಲ್ಲಾಡಿಸುತ್ತಾರೆ, ಅದು ಬೇರೆ ಥರ.

ವಿಚಿತ್ರ ವಾದ್ಯ ಇಟ್ಟುಕೊಂಡ ಬ್ಯಾಂಡ್‌ಗಳಿಗೆ ಒಂದು ಕಾಯಿಲೆ ಇದೆ. ಮೊದಲ ಎರಡು ಹಾಡು ಜನ ಬಾಯಿ ಬಿಟ್ಟು ನೋಡುತ್ತಾರೆ, ವಿಡಿಯೋ ಮಾಡಿಕೊಳ್ಳುತ್ತಾರೆ. ಮೂರನೇ ಹಾಡಿಗೆ ಚುರುಮುರಿ ತಿನ್ನೋಕೆ ಹೋಗುತ್ತಾರೆ.

ಒಂಟಿಕೊಪ್ಪಲ್ ಹುಡುಗ

ಮೆಟ್ಲು, ಅಮೆರಿಕದ ಮಾರ್ಫೀನ್ ಬ್ಯಾಂಡ್ ಕೇಳಿದ್ದೀರಾ? ಎರಡೇ ತಂತಿಯ ಬಾಸನ್ನು ಸ್ಲೈಡ್‌ನಲ್ಲಿ ನುಡಿಸುತ್ತಿದ್ದರು, ಜೊತೆಗೆ ಬ್ಯಾರಿಟೋನ್ ಸ್ಯಾಕ್ಸೋಫೋನ್, ಡ್ರಮ್ಸ್. ಗಿಟಾರ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಫಿನ್ಲೆಂಡಿನ ಅಪೋಕ್ಯಾಲಿಪ್ಟಿಕಾ 1996ರಲ್ಲಿ ಮೊದಲ ಆಲ್ಬಂ ತಂದಾಗ ಇದ್ದದ್ದು ಬರೀ ನಾಲ್ಕು ಚೆಲ್ಲೋ, ಅಂದರೆ ದೊಡ್ಡ ಪಿಟೀಲು. ಮಂಗೋಲಿಯಾದ ದಿ ಹು ನೋಡಿ, ಕುದುರೆ ತಲೆ ಕೆತ್ತಿದ ಎರಡು ತಂತಿಯ ಪಿಟೀಲು ಇಟ್ಟುಕೊಂಡು ಲೋಕವೆಲ್ಲ ಸುತ್ತುತ್ತಿದ್ದಾರೆ.

ಇನ್ನು ಹಾರ್ಮೋನಿಯಂಗೆ ಡಿಸ್ಟಾರ್ಷನ್ ಅಂದರೆ ನಗಬೇಡಿ. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರ್‌ನವರ ಮಾರ್ಷಲ್ ಆಂಪ್‌ಗೆ ಜೋಡಿಸಿ ನುಡಿಸಿದವನು. ಬಾಸ್‌ಗಾರರ ಬ್ಯಾಂಡ್ ಮಾಡುತ್ತಿರುವುದೂ ಅದೇ ಕೆಲಸ. ಅಲ್ಲಿ ಕರೆಂಟು, ಇಲ್ಲಿ ಕಾಲು.

ಹೆವಿ ಮೆಟ್ಲು

ಎಲ್ಲ ಕೇಳಿದ್ದೀನಿ ಬ್ರದರ್. ಆದರೆ ಅರ್ಧ ಹೇಳಿ ಬಿಟ್ಟಿರಿ. ಅಪೋಕ್ಯಾಲಿಪ್ಟಿಕಾ ಆ ಆಲ್ಬಂನಲ್ಲಿ ನುಡಿಸಿದ್ದು ಮೆಟಾಲಿಕಾ ಹಾಡುಗಳನ್ನು, ಜನಕ್ಕೆ ಆಗಲೇ ಬಾಯಿಗೆ ಬಂದವನ್ನು. ಜಾನ್ ಲಾರ್ಡ್ ಪಕ್ಕದಲ್ಲಿ ರಿಚಿ ಬ್ಲಾಕ್‌ಮೋರ್ ಗಿಟಾರ್ ಹಿಡಿದು ನಿಂತಿದ್ದ. ದಿ ಹು ಸ್ಟೇಜ್ ಮೇಲೂ ಗಿಟಾರ್ ಇರುತ್ತದೆ. ಉಳಿದದ್ದು ಮಾರ್ಫೀನ್ ಒಂದೇ. ಅವರ ಟೀ ಶರ್ಟ್ ಹಾಕಿದವರನ್ನು ಮಂಡ್ಯದಲ್ಲಿ ತೋರಿಸಿ ನೋಡೋಣ.

ಒಂಟಿಕೊಪ್ಪಲ್ ಹುಡುಗ

ಟೀ ಶರ್ಟ್ ಅಳತೆಗೋಲಾದರೆ ಮೈಸೂರಿನ ಅತಿ ದೊಡ್ಡ ಸಂಗೀತಪ್ರೇಮಿಗಳು ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯವರು.

ಪೆಟ್ಟಿಗೆ ಮೇಷ್ಟ್ರ ಮೊಮ್ಮಗಳು

ಲೆಗ್ ಹಾರ್ಮೋನಿಯಂ ಎಂದು ಓದಿ ಓಡಿ ಬಂದೆ. ನಮ್ಮ ತಾತ ನಾಗಮಂಗಲ, ಪಾಂಡವಪುರ ಕಡೆ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ದುರ್ಯೋಧನನಿಗೆ ಜಾಸ್ತಿ, ಸೈನಿಕನಿಗೆ ಕಮ್ಮಿ. ದುಡ್ಡು ಕೊಟ್ಟವನಿಗೆ ಶ್ರುತಿ ಇರಲೇಬೇಕು ಅಂತೇನಿಲ್ಲವಲ್ಲ. ಹಾಡುವಾಗ ಎಲ್ಲಿಗೋ ಹೋಗಿಬಿಡುತ್ತಾನೆ. ಅವನು ಹೋದಲ್ಲಿಗೆ ಹಾರ್ಮೋನಿಯಂ ಹಿಂಬಾಲಿಸಿ, ಜನಕ್ಕೆ ಗೊತ್ತಾಗದ ಹಾಗೆ ಮನೆಗೆ ಕರೆತರಬೇಕು. ತಾತ ಅದರಲ್ಲಿ ಪಂಟರು. ರಾತ್ರಿ ಪೂರ್ತಿ ಪೆಡಲ್ ತುಳಿದು ಬೆಳಿಗ್ಗೆ ಮೀನಖಂಡ ಹಿಡಿದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

ಕಾಲಲ್ಲಿ ತುಳಿಯುವುದರಿಂದ ಎರಡೂ ಕೈ ಖಾಲಿ. ಬಲಗೈಯಲ್ಲಿ ಹಾಡಿನ ಮಟ್ಟು, ಎಡಗೈಯಲ್ಲಿ ಕೆಳಗಿನ ಸ್ವರ. ಕೈ ಹಾರ್ಮೋನಿಯಂನಲ್ಲಿ ಇದು ಆಗುವುದಿಲ್ಲ. ನಿಮ್ಮ ಗಾಯಕಿ ಎಡಗೈ ಬಳಸುತ್ತಾರಾ? ಬಳಸಿದರೆ ಅದು ನಿಮ್ಮ ಬಾಸ್ ಮೇಲೆ ಬಂದು ಕೂರುತ್ತಿರಬೇಕು.

ಇನ್ನೊಂದು. ಹಾರ್ಮೋನಿಯಂ ಪೆಟ್ಟಿಗೆ ಹಳೆಯದಾದರೆ ಅದರ ಶ್ರುತಿ ಎಲ್ಲಿರುತ್ತದೋ ದೇವರಿಗೇ ಗೊತ್ತು. ಮೊದಲು ಟ್ಯೂನರ್ ಇಟ್ಟು ನೋಡಿ.

ಬಾಸ್‌ಗಾರ_ಮಂಡ್ಯ

ಮೇಡಂ, ಹುಣ್ಣಿನ ಮೇಲೇ ಬೆರಳಿಟ್ಟಿರಿ. ಎಡಗೈ ಬಳಸುತ್ತಾಳೆ, ನಾವಿಬ್ಬರೂ ಅದಕ್ಕೇ ಜಗಳ ಆಡುವುದು. ಪೆಟ್ಟಿಗೆಯ ಶ್ರುತಿ ಕೂಡ ಎಲ್ಲರೂ ಇಟ್ಟುಕೊಳ್ಳುವ 440 ಹರ್ಟ್ಸ್ ಅಳತೆಗಿಂತ ಮೇಲೇ ಇದೆ. ನನಗೆ ತೊಂದರೆ ಇಲ್ಲ, ಟ್ಯೂನರ್‌ನಲ್ಲಿ ಅಳತೆ ಬದಲಿಸಿ ತಂತಿ ಬಿಗಿ ಮಾಡುತ್ತೇನೆ. ಸಾಯುವುದು ಕ್ಲಾರಿಯೋನೆಟ್‌ನವನು. ಅವನದು ಬಿ ಫ್ಲಾಟ್, ನಮ್ಮ ಲೆಕ್ಕದಲ್ಲಿ ಕಪ್ಪು ಐದು, ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆ. ಬಾಯಿ ಕಡೆಯ ತುಂಡು, ಬ್ಯಾರಲ್, ಎಳೆದು ಶ್ರುತಿ ಇಳಿಸಬಹುದು, ಏರಿಸೋಕೆ ಆಗಲ್ಲ.

ಪೆಟ್ಟಿಗೆ ಮೇಷ್ಟ್ರ ಮೊಮ್ಮಗಳು

ಹಾಗಾದರೆ ಪೆಟ್ಟಿಗೆಯನ್ನೇ ಇಳಿಸಿ. ಸ್ವರ ಹೊರಡಿಸುವ ರೀಡ್ ಬಿಚ್ಚಿ ಬುಡದ ಹತ್ತಿರ ಸ್ವಲ್ಪ ಉಜ್ಜಿದರೆ ಶ್ರುತಿ ಇಳಿಯುತ್ತದೆ, ತುದಿಯಲ್ಲಿ ಉಜ್ಜಿದರೆ ಏರುತ್ತದೆ. ನೀವೇ ಮಾಡಬೇಡಿ! ಒಂದು ಕೂದಲಷ್ಟು ಜಾಸ್ತಿ ಉಜ್ಜಿದರೆ ರೀಡ್ ಹೋಯಿತು ಅಂತಲೇ. ಮಾಡುವವರು ಗೊತ್ತು, ಮೆಸೇಜ್ ಮಾಡಿ.

ರಾತ್ರಿಪಾಳಿ ಸೌಂಡು

ನಾನು ಮೈಸೂರಿನಲ್ಲಿ ಸೌಂಡ್ ಮಾಡುವವನು. ಗಣಪತಿ, ಆರ್ಕೆಸ್ಟ್ರಾ, ಫೆಸ್ಟ್, ಎಲ್ಲ. "ಮೈಕ್ ಇಟ್ಟು ಹೋಗಿಬಿಡುತ್ತಾರೆ" ಎಂದು ಬರೆದಿದ್ದೀರಿ, ಅದಕ್ಕೆ ಬಂದೆ. ನಮ್ಮ ಕಡೆಯ ಕಥೆ ಕೇಳಿ.

ಬ್ಯಾಂಡ್‌ನವರು ಬರುವುದೇ ಶೋಗೆ ಅರ್ಧ ಗಂಟೆ ಮುಂಚೆ. ಏನೇನು ವಾದ್ಯ ಅಂತ ಯಾರೂ ಮೊದಲೇ ಹೇಳುವುದಿಲ್ಲ. ನಾನು ಮಿಕ್ಸರ್‌ನಲ್ಲಿ ಗಿಟಾರ್‌ಗೆ ಎರಡು ಚಾನೆಲ್ ಇಟ್ಟುಕೊಂಡು ಕಾಯುತ್ತಿರುತ್ತೇನೆ. ನೀವು ತಮಟೆ ತಂದು "ಅಣ್ಣ ಇದಕ್ಕೊಂದು ಮೈಕ್" ಅಂತೀರಿ.

ಈಗ ಕೆಲಸಕ್ಕೆ ಬರುವುದು ಹೇಳುತ್ತೇನೆ. ಹಾರ್ಮೋನಿಯಂ ಮುಂದೆ ದೂರದಲ್ಲಿ ಮೈಕ್ ಇಟ್ಟರೆ ಅದರೊಳಗೆ ಡ್ರಮ್ಸ್, ತಮಟೆ ಎಲ್ಲ ನುಗ್ಗುತ್ತದೆ. ಗೇನ್ ಏರಿಸಿದರೆ ಕುಯ್ಯೋ ಅನ್ನುತ್ತದೆ. ಆ ಮೈಕ್ ಸಿಗ್ನಲ್‌ಗೇ ಡಿಸ್ಟಾರ್ಷನ್ ಹಾಕಿದರಂತೂ ಫೀಡ್‌ಬ್ಯಾಕ್ ಗ್ಯಾರಂಟಿ. ರೀಡ್ ಬೋರ್ಡ್ ಮೇಲೆ ಅಂಟಿಸುವ ಕಾಂಟ್ಯಾಕ್ಟ್ ಪಿಕಪ್ ಸಿಗುತ್ತದೆ. ಅದನ್ನು ಪ್ರೀಆಂಪ್‌ಗೆ ಕೊಟ್ಟು, ಅಲ್ಲಿಂದ ಪೆಡಲ್‌ಗೆ, ಅಲ್ಲಿಂದ ಮಿಕ್ಸರ್‌ಗೆ ಸಿಗ್ನಲ್ ಕಳಿಸುವ ಡಿಐ ಬಾಕ್ಸ್‌ಗೆ ಕೊಡಿ. ಕಾಲು ತುಳಿಯುವ ದಡಬಡ ಸದ್ದೂ ಪಿಕಪ್‌ನಲ್ಲಿ ಬರುತ್ತದೆ, ಅದಕ್ಕೆ ತಗ್ಗು ಸದ್ದು ಕತ್ತರಿಸುವ ಲೋ ಕಟ್ ಹಾಕಿಸಿ. ಲೋ ಕಟ್ ಹಾಕಿದರೆ ಎಡಗೈ-ಬಾಸ್ ಜಗಳವೂ ಅರ್ಧ ಮುಗಿಯಿತು. ಪೆಡಲ್ ಇಲ್ಲದ ಸಾದಾ ಸದ್ದು ಬೇಕಾದಾಗ ಮುಚ್ಚಳದ ಒಳಗೆ ಒಂದು ಸಣ್ಣ ಕ್ಲಿಪ್ ಮೈಕ್ ಇರಲಿ.

ತಮಟೆಯನ್ನು ಹಾರ್ಮೋನಿಯಂ ಪಕ್ಕ ನಿಲ್ಲಿಸಬೇಡಿ. ಕನಿಷ್ಠ 10 ಅಡಿ ದೂರ, ಮುಖ ಆ ಕಡೆ. ಡ್ರಮ್ಮರ್‌ಗೆ ಒಂದು ಮಾತು: ಸ್ನೇರ್ (ಕೆಳಗೆ ತಂತಿ ಇರುವ ಡ್ರಮ್) ಮತ್ತು ತಮಟೆ ಒಂದೇ ಜಾಗದಲ್ಲಿ ಕಿರುಚುತ್ತವೆ. ತಮಟೆ ಬಂದ ಕಡೆ ಸ್ನೇರ್ ತಂತಿ ಸಡಿಲ ಮಾಡಿ ದಪ್ಪ ಸದ್ದಿನ ಡ್ರಮ್‌ಗಳಾದ ಫ್ಲೋರ್ ಟಾಮ್, ಕಿಕ್ ಮೇಲೆ ಇರಲಿ. ಆಗ ನೋಡಿ ತಮಟೆ ಹೇಗೆ ಎದ್ದು ಬರುತ್ತದೆ.

ಗಿಟಾರ್ ಬೇಕಾ ಬೇಡವಾ ನನಗೆ ಗೊತ್ತಿಲ್ಲ. ನನಗೆ ಒಂದು ಚಾನೆಲ್ ಅಷ್ಟೇ. ಆದರೆ ಹಾರ್ಮೋನಿಯಂ ಇರುವ ಜಾಗದಲ್ಲೇ ಗಿಟಾರೂ ಬಂದು ಕೂರುತ್ತದೆ. ಇಬ್ಬರೂ ಒಟ್ಟಿಗೆ ತುಂಬಿದರೆ ಹಾಡುವ ಮಾತು ಒಂದೂ ಕೇಳಿಸುವುದಿಲ್ಲ.

ಮದ್ದೂರ್ ವಡೆ

ಸೌಂಡ್‌ನವರು ಇಷ್ಟೊಂದು ಮಾತಾಡಿದ್ದು ನಾನು ನೋಡಿಯೇ ಇಲ್ಲ. ಯಾವಾಗಲೂ "ಚೆಕ್ ಚೆಕ್" ಅಷ್ಟೇ.

ವೀಣೆ ಬೀದಿ

ವಯಸ್ಸಾದವನ ಎರಡು ಮಾತು. ರಾಕ್ ನನಗೆ ತಿಳಿಯದು, ಮೊಮ್ಮಗ ಈ ಚರ್ಚೆ ತೋರಿಸಿದ.

ಹಾರ್ಮೋನಿಯಂ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ ಅದರಲ್ಲಿ ದಾರಿಯಿಲ್ಲ. ಗಮಕ ಇಲ್ಲದೆ ನಮ್ಮ ಸಂಗೀತ ಎಲ್ಲಿ? ಇದೇ ಕಾರಣ ಮುಂದೆ ಮಾಡಿ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಮತ್ತೆ ತೆರೆದದ್ದು 1971ರಲ್ಲಿ. ಆ ಬಹಿಷ್ಕಾರ ಅತಿಯಾಯಿತು ಎಂಬುದನ್ನೂ ಒಪ್ಪುತ್ತೇನೆ. ಅಷ್ಟು ವರ್ಷ ರೇಡಿಯೋದಲ್ಲಿ ಇಲ್ಲದಿದ್ದರೂ ಹಳ್ಳಿಯ ನಾಟಕದಲ್ಲಿ ಅದು ಅಲುಗಲಿಲ್ಲ.

ಹೊಸ ವಾದ್ಯ ಎಂದರೆ ಮೂಗು ಮುರಿಯುವವರಿಗೆ ಒಂದು ವಿಷಯ. ತಿರುಮಕೂಡಲಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡವರು. ಮೈಕ್ ಇಲ್ಲದ ಕಾಲ, ಹಿಂದೆ ಕೂತವರಿಗೂ ಕೇಳಿಸಬೇಕಿತ್ತು. ಆಗಲೂ ಜನ ಆಡಿಕೊಂಡಿರಬೇಕು. ಇವತ್ತು ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮರುಳಾದದ್ದು ಎಲ್ಲಿ? ಇದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ನಾಗಸ್ವರದ ಮನೆತನದ ಹುಡುಗ, ಹೋಗಿ ಸ್ಯಾಕ್ಸೋಫೋನ್ ಹಿಡಿದರು. ವರ್ಷಗಟ್ಟಲೆ ಕಷ್ಟಪಟ್ಟು ಅದರಲ್ಲಿ ಗಮಕ ತಂದರು. ಅದು ಮುಖ್ಯ. ವಾದ್ಯ ವಿಚಿತ್ರವಾಗಿದ್ದರೆ ಸಾಲದು, ಅದರ ಮೇಲೆ ಹಟ ಸಾಧಿಸಿರಬೇಕು.

ಒಂಟಿಕೊಪ್ಪಲ್ ಹುಡುಗ

ಸಾರ್, ದಸರಾ ಸಮಯದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಒಂದು ಕಡೆ ಇಂಗ್ಲಿಷ್ ಬ್ಯಾಂಡ್, ಇನ್ನೊಂದು ಕಡೆ ಕರ್ನಾಟಕ ವಾದ್ಯವೃಂದ. ಕ್ಲಾರಿಯೋನೆಟ್ಟು, ತುತ್ತೂರಿ ಎಲ್ಲ ಈ ಊರಿಗೆ ಯಾವತ್ತೋ ಒಗ್ಗಿಹೋಗಿವೆ.

ಕಬ್ಬಿನ ಗದ್ದೆ

ಎಲ್ಲ ಚೆನ್ನಾಗಿ ಮಾತಾಡುತ್ತಿದ್ದೀರಿ. ನನ್ನದೊಂದು ಪ್ರಶ್ನೆ ಬಾಸ್‌ಗಾರರಿಗೆ. ತಮಟೆ ಹೊಡೆಯುವವರು ನಿಮ್ಮ ಬ್ಯಾಂಡ್‌ನವರಾ, ಇಲ್ಲ ಶೋ ದಿನ ಕರೆದು ಕೂಲಿ ಕೊಟ್ಟು ಕಳಿಸುವವರಾ? ಪೋಸ್ಟರ್‌ನಲ್ಲಿ ನಾಲ್ಕು ಜನರ ಫೋಟೋ, ಸ್ಟೇಜ್ ಮೇಲೆ ಐದು ಜನ, ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ. ಸಿನಿಮಾದವರೂ ಕಮ್ಮಿ ಇಲ್ಲ. ತಮಟೆ ಸದ್ದು ಬೇಕು, ತಮಟೆಯವನು ಬೇಡ.

ಬಾಸ್‌ಗಾರ_ಮಂಡ್ಯ

ಒಳ್ಳೆಯ ಪ್ರಶ್ನೆ. ಮೊದಲ ದಿನದಿಂದ ಬ್ಯಾಂಡ್‌ನವನೇ. ಹಾಡುಗಳಲ್ಲಿ ಅರ್ಧಕ್ಕೆ ಅವನೇ ನಡೆ ಹಾಕಿದ್ದು. ಅವನಿಗೇ ಈ ಚರ್ಚೆ ಕಳಿಸಿದ್ದೇನೆ, ಅವನೇ ಬರೆಯಲಿ.

ಹೆವಿ ಮೆಟ್ಲು

ಸಂಗೀತದ ಚರ್ಚೆಗೆ ಇದನ್ನೆಲ್ಲ ಯಾಕೆ ತರುತ್ತೀರಿ? ಗಿಟಾರ್ ಬೇಕಾ ಬೇಡವಾ ಅಷ್ಟೇ ತಾನೇ ಕೇಳಿದ್ದು.

ಕಬ್ಬಿನ ಗದ್ದೆ

ಯಾರು ಇರಬೇಕು, ಯಾರ ಸದ್ದು ಎಷ್ಟಿರಬೇಕು ಎನ್ನುವ ಚರ್ಚೆ ಸ್ವಾಮಿ ಇದು. ನಾನು ಹೊರಗಿನಿಂದ ಏನೂ ತಂದಿಲ್ಲ.

ತಮಟೆ ನಂದೇ

ತಮಟೆ ಹೊಡೆಯೋನು ನಾನು. ಮಳವಳ್ಳಿ ಕಡೆ ನಮ್ಮೂರು.

ಕಬ್ಬಿನ ಗದ್ದೆಯವರು ಕೇಳಿದ್ದಕ್ಕೆ ಉತ್ತರ: ಗಾಡಿ ಬಾಡಿಗೆ ಕಳೆದು ಉಳಿದದ್ದು ಐದು ಪಾಲು. ಸೇರುವ ಮುಂಚೆಯೇ ನಾನು ಕೇಳಿ ಮಾತು ತೆಗೆದುಕೊಂಡೆ. ನಮ್ಮಪ್ಪ ಹಬ್ಬಕ್ಕೂ ಹೊಡೆಯುತ್ತಿದ್ದರು, ಸಾವಿಗೂ ಹೊಡೆಯುತ್ತಿದ್ದರು. ದುಡ್ಡನ್ನು ಕೈಗೆ ಕೊಡುತ್ತಿರಲಿಲ್ಲ, ಎದುರಿಗೆ ನೆಲದ ಮೇಲೆ ಇಡುತ್ತಿದ್ದರು. ಅಪ್ಪ ಬಗ್ಗಿ ತೆಗೆದುಕೊಳ್ಳುವುದನ್ನು ನೋಡಿ ಇದನ್ನು ಮುಟ್ಟುವುದೇ ಇಲ್ಲ ಅಂತ ಐಟಿಐ ಮಾಡಿ ಫ್ಯಾಕ್ಟರಿ ಸೇರಿದೆ. ಹಾರ್ಮೋನಿಯಂ ನುಡಿಸುವವಳ ಅಣ್ಣ ನನ್ನ ಜೊತೆ ಶಿಫ್ಟ್‌ನಲ್ಲಿದ್ದ. ಅವನು ಒಂದು ದಿನ ಪ್ರಾಕ್ಟೀಸಿಗೆ ಕರೆದುಕೊಂಡು ಹೋದ. ಹೀಗೆ ಬಂದವನು ನಾನು.

ಒಂದು ಕಡೆ ಆಯೋಜಕರು ಪಂಚೆ, ರುಮಾಲು ತಂದು ಕೊಟ್ಟರು. "ಜಾನಪದ ಲುಕ್ ಬರಲಿ ಹಾಕ್ಕೊಳಿ" ಎಂದರು. ಡ್ರಮ್ಮರ್‌ಗೆ ಯಾಕೆ ತಂದಿಲ್ಲ ಎಂದು ಕೇಳಿದೆ. ಉತ್ತರ ಇಲ್ಲ. ಜೀನ್ಸ್‌ನಲ್ಲೇ ಹೊಡೆದೆ. ರುಮಾಲಿನ ಮೇಲೆ ನನಗೆ ಕೋಪ ಇಲ್ಲ. ನನಗೊಬ್ಬನಿಗೆ ಯಾಕೆ ಅಂತ ಅಷ್ಟೇ.

ಸೌಂಡ್ ಅಣ್ಣನಿಗೆ: ಸ್ನೇರ್ ವಿಷಯ ನೂರಕ್ಕೆ ನೂರು ನಿಜ, ನಮ್ಮ ಡ್ರಮ್ಮರ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಇನ್ನೊಂದು ಕಷ್ಟ ಇದೆ. ಚರ್ಮದ ತಮಟೆಯನ್ನು ಕಾಯಿಸಬೇಕು. ಊರಲ್ಲಾದರೆ ಒಂದು ಹಿಡಿ ಹುಲ್ಲು ಹೊತ್ತಿಸಿ ಕಾಯಿಸುತ್ತೇವೆ, ಬೆರಳಲ್ಲಿ ತಟ್ಟಿ ನೋಡುತ್ತೇವೆ. ಸ್ಟೇಜ್ ಹಿಂದೆ ಬೆಂಕಿ ಹಾಕಿದರೆ ಸೆಕ್ಯೂರಿಟಿಯವರು ಓಡಿ ಬರುತ್ತಾರೆ. ಈಗ ಒಂದು ಕರೆಂಟ್ ಹೀಟರ್ ಇಟ್ಟುಕೊಂಡಿದ್ದೇನೆ. ತಣ್ಣನೆ ಗಾಳಿ ಇರುವ ಸಂಜೆ ಎರಡು ಹಾಡಿಗೇ ಸದ್ದು ಇಳಿದುಬಿಡುತ್ತದೆ. ಅದಕ್ಕೇ ಎರಡು ತಮಟೆ, ಒಂದು ಹೊಡೆಯುವಾಗ ಇನ್ನೊಂದು ಹೀಟರ್ ಮುಂದೆ. ಫೈಬರ್ ತಮಟೆಗೆ ಈ ತಲೆನೋವಿಲ್ಲ, ಮಳೆಗೂ ಜಗ್ಗಲ್ಲ. ಆದರೆ ಅದು ಬರೀ ಟಣ್ ಅನ್ನುತ್ತದೆ, ಗುಮ್ ಅನ್ನಲ್ಲ.

ಗಿಟಾರ್ ಬಂದರೆ ನನಗೇನೂ ಬೇಜಾರಿಲ್ಲ. ಬಂದ ಮೇಲೆ ಯಾರ ಸೌಂಡ್ ಕಮ್ಮಿ ಮಾಡುತ್ತೀರಿ? ಅದನ್ನು ಮೊದಲೇ ಹೇಳಿಬಿಡಿ.

ಪೆಟ್ಟಿಗೆ ಮೇಷ್ಟ್ರ ಮೊಮ್ಮಗಳು

ನೆಲದ ಮೇಲೆ ದುಡ್ಡು ಇಡುವುದು ನಾನೂ ನೋಡಿದ್ದೇನೆ. ಅದೇ ಜನ ನಮ್ಮ ತಾತನಿಗೆ ತಟ್ಟೆಯಲ್ಲಿ ಎಲೆ ಅಡಿಕೆ ಜೊತೆ ಕೊಡುತ್ತಿದ್ದರು. ಒಂದೇ ಊರು, ಒಂದೇ ಹಬ್ಬ.

ಕಬ್ಬಿನ ಗದ್ದೆ

ಅಣ್ಣಾ, ಉತ್ತರಕ್ಕೆ ಥ್ಯಾಂಕ್ಸ್. ತಮಟೆಗೆ ಮರ್ಯಾದೆ ತಂದವರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ವಯಸ್ಸಾಗುವವರೆಗೆ ಕಾಯಬೇಕಾಗಿ ಬಂತು ಅನ್ನುವುದೇ ಸಂಕಟ. ನಿಮ್ಮ ಶೋ ಯಾವಾಗ ಹೇಳಿ, ಬರುತ್ತೇನೆ.

ಹೆವಿ ಮೆಟ್ಲು

ತಮಟೆಯ ವಿಷಯದಲ್ಲಿ ನನ್ನದು ತಕರಾರಿಲ್ಲ. ನಿಜ ಹೇಳಬೇಕೆಂದರೆ ಎರಡು ತಮಟೆ, ಹೀಟರ್ ಅಂತ ಓದಿದ ಮೇಲೆ ಶೋ ನೋಡಬೇಕು ಅನಿಸುತ್ತಿದೆ. ಆದರೂ ಕೇಳುತ್ತೇನೆ. ಬ್ಯಾಂಡ್‌ನಲ್ಲಿ ಗಿಟಾರ್ ಬೇಕು ಎಂದ ಇಬ್ಬರು ಯಾಕೆ ಬೇಕು ಎಂದರು? ಅವರ ಮಾತು ಯಾರೂ ಹೇಳಲೇ ಇಲ್ಲವಲ್ಲ.

ಬಾಸ್‌ಗಾರ_ಮಂಡ್ಯ

ಡ್ರಮ್ಮರ್‌ಗೆ ಸುಮ್ನೆ ಗಿಟಾರ್ ಇಷ್ಟ. ಕ್ಲಾರಿಯೋನೆಟ್‌ನವನ ಕಾರಣ ನ್ಯಾಯವಾದದ್ದು. ಲೀಡ್ ಪೂರ್ತಿ ಅವನ ಮೇಲೇ ಬೀಳುತ್ತದೆ. ಗಂಟೆ ಶೋದಲ್ಲಿ ಅರ್ಧ ಆಗುವಷ್ಟರಲ್ಲಿ ತುಟಿ ಹಿಡಿತ ಹೋಗಿ ಪೀಪೀ ಅನ್ನೋಕೆ ಶುರು. ಮದುವೆ ಬ್ಯಾಂಡ್‌ನಲ್ಲಿ ನುಡ್ಸೋವಾಗ ಮಧ್ಯೆ ಮಧ್ಯೆ ತುತ್ತೂರಿಯವರು ಇರುತ್ತಿದ್ದರು, ಇಲ್ಲಿ ಯಾರೂ ಇಲ್ಲ. ಗಿಟಾರ್ ಇದ್ದರೆ ಉಸಿರು ಬಿಡೋಕೆ ಜಾಗ ಸಿಗುತ್ತದೆ ಅಂತಾನೆ.

ವೀಣೆ ಬೀದಿ

ನಾಗಸ್ವರದವರು ಜೋಡಿಯಾಗಿ ಕೂರುವುದು ಯಾಕೆ? ಒಬ್ಬರು ನುಡಿಸುವಾಗ ಇನ್ನೊಬ್ಬರು ಸುಧಾರಿಸಿಕೊಳ್ಳಲಿ ಎಂದೂ ಹೌದು. ನಿಮ್ಮ ಹತ್ತಿರ ಹಾರ್ಮೋನಿಯಂ ಇದೆಯಲ್ಲ. ಆಕೆಯ ಎಡಗೈಗೆ ರಜೆ ಕೊಟ್ಟು ಬಲಗೈಗೆ ಸಾಲು ಕೊಡಿ. ಕ್ಲಾರಿಯೋನೆಟ್ ಹೇಳಿದ್ದಕ್ಕೆ ಹಾರ್ಮೋನಿಯಂ ಉತ್ತರ ಕೊಡಲಿ. ಕಛೇರಿಯಲ್ಲಿ ಪಿಟೀಲು ಮಾಡುವುದು ಅದನ್ನೇ ತಾನೇ.

ರಾತ್ರಿಪಾಳಿ ಸೌಂಡು

ಯಜಮಾನರು ಸರಿಯಾಗಿ ಹೇಳಿದರು.

ಗಂಗೋತ್ರಿ ಕಮಿಟಿ

ನಾನು ಕಾಲೇಜು ಫೆಸ್ಟ್ ಕಮಿಟಿಯಲ್ಲಿ ಇದ್ದವಳು. ಆಯೋಜಕರನ್ನು ಎಲ್ಲರೂ ಬೈಯುತ್ತಿದ್ದೀರಿ, ಸ್ವಲ್ಪ ಕೇಳಿ. ಅರ್ಜಿಯಲ್ಲಿ ಎರಡೇ ಕಾಲಂ ಇರುತ್ತದೆ: ಪಾಶ್ಚಾತ್ಯ, ಜಾನಪದ. ಲಿಸ್ಟ್‌ನಲ್ಲಿ ತಮಟೆ, ಹಾರ್ಮೋನಿಯಂ ಅಂತ ಕಂಡರೆ ಕೂತವರು ಎರಡನೇ ಕಾಲಂಗೆ ಹಾಕುತ್ತಾರೆ. ಒಂದು ನಿಮಿಷದ ವಿಡಿಯೋ ಕಳಿಸಿ, ಫೋಟೋ ಅಲ್ಲ. ಅದರಲ್ಲೂ ಆ ಡಿಸ್ಟಾರ್ಷನ್ ಭಾಗ. ಯಾವ ಕಮಿಟಿಯೂ ಅದನ್ನು ಭಜನೆ ಅನ್ನುವುದಿಲ್ಲ. ಜೊತೆಗೆ ಯಾವ ವಾದ್ಯ ಎಲ್ಲಿ ನಿಲ್ಲುತ್ತದೆ, ಎಷ್ಟು ಮೈಕ್, ಎಷ್ಟು ಪ್ಲಗ್ ಬೇಕು ಎಂಬ ಒಂದು ಹಾಳೆ ಇರಲಿ. ಹೀಟರ್‌ಗೆ ಬೇರೆ ಪ್ಲಗ್ ಅಂತ ದಯವಿಟ್ಟು ದಪ್ಪ ಅಕ್ಷರದಲ್ಲಿ ಬರೆಯಿರಿ. ಆಂಪ್‌ಗಳ ಲೈನ್‌ಗೇ ಹೀಟರ್ ಚುಚ್ಚಿದರೆ ಫ್ಯೂಸ್ ಹೋಗಿ ಎಲ್ಲ ಕತ್ತಲು.

ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ದಸರಾದ ಯುವ ಸಂಭ್ರಮಕ್ಕೆ ತಂಡ ತಂಡವಾಗಿ ಕಾಲೇಜಿನವರು ಬರುತ್ತಾರಲ್ಲ, ಆ ಜನ ನಿಮ್ಮವರು. ಶಿಳ್ಳೆ ಹೊಡೆಯೋಕೆ ಕಾಯುತ್ತಿರುತ್ತಾರೆ. ಗಿಟಾರ್ ಇದೆಯೋ ಇಲ್ಲವೋ ಅಂತ ಎಣಿಸಿ ನೋಡುವವರು ಅಲ್ಲಿ ಯಾರೂ ಇಲ್ಲ.

ಮದ್ದೂರ್ ವಡೆ

ಮೈಸೂರು ಜನ ಶಿಳ್ಳೆ ಹೊಡೀತಾರಾ? ಮಂಡ್ಯ ಕಲಾಮಂದಿರದಲ್ಲಿ ದುರ್ಯೋಧನ ಕಿರೀಟ ಸರಿ ಮಾಡಿಕೊಂಡರೂ ಶಿಳ್ಳೆ. ಮೊದಲ ಶೋ ಮಂಡ್ಯದಲ್ಲಿ ಮಾಡಿ.

ಒಂಟಿಕೊಪ್ಪಲ್ ಹುಡುಗ

ಮೈಸೂರಿನವರಿಗೆ ಬ್ಯಾಂಡ್ ಹೇಳಿಕೊಡಬೇಡಿ ಸ್ವಾಮಿ. ರಘು ದೀಕ್ಷಿತ್ ಬೆಳೆದ ಊರು. ಲುಂಗಿ, ಗೆಜ್ಜೆ ಕಟ್ಟಿಕೊಂಡು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವಕ್ಕೆ ಹೋಗಿ ಶರೀಫರ ಪದ ಹಾಡಿ ಬಂದವರು. ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ಬ್ಯಾಂಡ್‌ನಲ್ಲಿ ಹಾಡಿದವರು, ಅಲ್ಲೂ ಪಿಟೀಲು ಇತ್ತು.

ಮದ್ದೂರ್ ವಡೆ

ಬೆಳೆದ ಊರು ಮೈಸೂರು, ಬ್ಯಾಂಡ್ ಬೆಂಗಳೂರು. ಎಲ್ಲರೂ ಮಂಡ್ಯ ದಾಟಿಕೊಂಡೇ ಹೋಗಿದ್ದು, ಒಬ್ಬರೂ ಇಳಿಯಲಿಲ್ಲ.

ನಿಯಂತ್ರಕರು

ಊರ ಜಗಳ ಸಾಕು. ವಿಷಯಕ್ಕೆ ಬನ್ನಿ.

ಹೆವಿ ಮೆಟ್ಲು

ರಘು ದೀಕ್ಷಿತ್ ಹೆಸರು ಬಂದಿದ್ದು ಒಳ್ಳೆಯದಾಯಿತು. ಅವರ ಕೈಯಲ್ಲೇ ಗಿಟಾರ್ ಇರುತ್ತದೆ! ನನ್ನ ಸಲಹೆ: ಗಿಟಾರಿಸ್ಟನ್ನು ಒಂದೆರಡು ಹಾಡಿಗೆ ಅತಿಥಿಯಾಗಿ ಕರೆಯಿರಿ. ಕ್ಲಾರಿಯೋನೆಟ್‌ನವರಿಗೂ ರೆಸ್ಟ್. ಅಂದಹಾಗೆ, ಆ ಗಿಟಾರಿಸ್ಟ್ ನಿಮ್ಮ ಹಾಡು ಕೇಳಿ ಏನಂದ?

ಬಾಸ್‌ಗಾರ_ಮಂಡ್ಯ

ಒಂದು ಪ್ರಾಕ್ಟೀಸಿಗೆ ಬಂದಿದ್ದ. ಹುಡುಗ ಒಳ್ಳೆಯವನು, ಕೈ ಚೆನ್ನಾಗಿದೆ. ಹಾಡುಗಳನ್ನೆಲ್ಲ ಇ ಮನೆಗೆ ತಂದರೆ ಗಿಟಾರ್‌ಗೆ ಸಲೀಸು ಎಂದ. ಅಂದರೆ ಬಿಳಿ ಮೂರು. ಈಗ ಹಾಡುಗಳು ಅವಳ ಗಂಟಲಿಗೂ ಕ್ಲಾರಿಯೋನೆಟ್‌ಗೂ ಹೊಂದುವ ಹಾಗೆ ಕಪ್ಪು ಐದರ ಸುತ್ತಮುತ್ತ ಇವೆ. ಆಮೇಲೆ, ಪೆಡಲ್ ತನ್ನ ಹತ್ತಿರ ಇರುತ್ತದಲ್ಲ, ಹಾರ್ಮೋನಿಯಂ ಸಾದಾ ಇರಲಿ, ಹಿಂದೆ ಶ್ರುತಿಗೆ ಇದ್ದರೆ ಸಾಕು ಎಂದ. ತಮಟೆ ಎರಡು ಹಾಡಿಗೆ ಇದ್ದರೆ ಚೆಂದ ಅಂತಲೂ ಹೇಳಿದ.

ತಮಟೆ ನಂದೇ

ಇದನ್ನು ನನಗೆ ಹೇಳಿರಲಿಲ್ಲ.

ಕಬ್ಬಿನ ಗದ್ದೆ

ಅಲ್ಲಿಗೆ ಮುಗೀತು.

ಪೆಟ್ಟಿಗೆ ಮೇಷ್ಟ್ರ ಮೊಮ್ಮಗಳು

ಶ್ರುತಿ ಹಿಡಿಯೋಕೆ ಅಷ್ಟು ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಹೋಗಬೇಕಾ? ಮೊಬೈಲ್‌ನಲ್ಲೇ ಶ್ರುತಿ ಬರುತ್ತದೆ. ಹಾಡುವವಳ ಕೈಯಿಂದ ವಾದ್ಯ ಕಿತ್ತುಕೊಂಡು ಅವಳನ್ನು ಮೈಕ್ ಮುಂದೆ ಬೊಂಬೆ ಥರ ನಿಲ್ಲಿಸುವ ಐಡಿಯಾ ಇದು. ಅವಳು ಬೇಡ ಎಂದದ್ದರಲ್ಲಿ ಆಶ್ಚರ್ಯ ಏನಿದೆ?

ಹೆವಿ ಮೆಟ್ಲು

ಅವನ ಕಂಡೀಷನ್ ಇಷ್ಟಿದ್ದರೆ ಅದು ಬೇರೆಯದೇ ಬ್ಯಾಂಡ್ ಆಯಿತು ಬಿಡಿ. ಇನ್ನೊಬ್ಬ ಗಿಟಾರಿಸ್ಟನ್ನು ಹುಡುಕಿ ಅಂತಲೇ ನಾನು ಹೇಳುವುದು, ಹಿಂದೆ ನಿಲ್ಲೋಕೆ ಒಪ್ಪುವವನನ್ನು. ಅಂಥ ಗಿಟಾರಿಸ್ಟ್ ಇನ್ನೂ ಹುಟ್ಟಿಲ್ಲ ಎನ್ನುವುದು ಬೇರೆ ಮಾತು.

ಬಾಸ್‌ಗಾರ_ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ಸಂಜೆ ಐದೂ ಜನ ಕೂತು ಮಾತಾಡಿದೆವು, ಸ್ವಲ್ಪ ಕೂಗಾಟವೂ ಆಯಿತು. ಸದ್ಯಕ್ಕೆ ಗಿಟಾರ್ ಬೇಡ. ಎರಡು ಹಾಡಿನಲ್ಲಿ ಕ್ಲಾರಿಯೋನೆಟ್ ಸಾಲುಗಳನ್ನು ಹಾರ್ಮೋನಿಯಂಗೆ ಕೊಟ್ಟಿದ್ದೇವೆ. ಕ್ಲಾರಿಯೋನೆಟ್‌ನವನು "ನೋಡೋಣ" ಎಂದಿದ್ದಾನೆ, ಪೂರ್ತಿ ಒಪ್ಪಿಲ್ಲ. ಎಡಗೈ ಕೂಡ ಮುಟ್ಟುಗೋಲು ಆಗಿದೆ, ಬಾಸ್ ಇಲ್ಲದ ಕಡೆ ಮಾತ್ರ ಬಿಡುಗಡೆ. ಪಿಕಪ್ ಆರ್ಡರ್ ಮಾಡಿದೆ. ಸೌಂಡ್ ಅಣ್ಣ, ಹಾಳೆ ಬರೆದು ಕಳಿಸುತ್ತೇನೆ, ತಿದ್ದಿಕೊಡಿ.

ರಾತ್ರಿಪಾಳಿ ಸೌಂಡು

ಕಳಿಸಿ. ಬೆಳಿಗ್ಗೆ ಹತ್ತರ ಮೇಲೆ ಕಳಿಸಿ, ಅದಕ್ಕೆ ಮುಂಚೆ ಫೋನ್ ಎತ್ತಲ್ಲ.

ಪೆಟ್ಟಿಗೆ ಮೇಷ್ಟ್ರ ಮೊಮ್ಮಗಳು

ರೀಡ್ ಉಜ್ಜುವವರ ವಿಳಾಸ ಮೆಸೇಜ್ ಮಾಡಿದ್ದೇನೆ. ಊರ ಹಬ್ಬಗಳು ಶುರುವಾಗುವ ಮುಂಚೆ ಹೋಗಿ. ಆಮೇಲೆ ನಾಟಕದವರ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತವೆ, ತಿಂಗಳಾದರೂ ನಿಮ್ಮದು ಕೈಗೆ ಬರಲ್ಲ. ಗೂಡ್ಸ್ ಆಟೋದಲ್ಲಿ ತೆಗೆದುಕೊಂಡು ಹೋಗುವುದಾದರೆ ಗಾಳಿಚೀಲದ ಕೆಳಗೆ ಹಳೇ ಕಂಬಳಿ ಹಾಸಿ. ತುಳಿಯುವ ಪಟ್ಟಿ ಬಿಚ್ಚಿ ಬೇರೆ ಇಡಿ.